ವಿಲ್, ಟ್ರಸ್ಟ್, ತೀರಿಕೊಂಡವರ ಆಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಚಿಕ್ಕಪ್ಪನ ವಿಲ್‌ನಲ್ಲಿ ಎಕ್ಸಿಕ್ಯೂಟರ್ (ವಿಲ್ ಪ್ರಕಾರ ಆಸ್ತಿ ಹಂಚುವ ಹೊಣೆ ಹೊತ್ತವರು) ಅಂತ ನನ್ನ ಹೆಸರಿತ್ತು. ಆ ಕೆಲಸ ಏನು ಅಂತ ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಮುಂದಿನ ಒಂದೂವರೆ ವರ್ಷ ಬ್ಯಾಂಕು, ಕೋರ್ಟು, ವಿಮಾ ಕಚೇರಿ ಅಂತ ಓಡಾಡಿ ಕಲಿತೆ. ಅಲ್ಲಿಂದೀಚೆಗೆ ನೆಂಟರು, ಸ್ನೇಹಿತರು ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ದುಃಖದಲ್ಲಿರುವವರು ಕೇಳುವ ಪ್ರಶ್ನೆಗಳು ಇವು. ಅದಕ್ಕೇ ಆದಷ್ಟು ನೇರವಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ನಾನು ಒಂದು ದೇಶದ ಹೆಸರು ಹೇಳಿ ಬರೆದ ನಿಯಮ ಆ ದೇಶದ್ದು ಮಾತ್ರ. ನಿಮ್ಮ ಪತ್ರವನ್ನು ನಿಮ್ಮ ಕಡೆಯ ವಕೀಲರಿಗೆ ಒಮ್ಮೆ ತೋರಿಸಿ.

ವಿಲ್ ಅಂದರೆ ನಿಜವಾಗಿ ಏನು?

ನಾನು ಸತ್ತ ಮೇಲೆ ನನ್ನ ಆಸ್ತಿ ಯಾರಿಗೆ ಹೋಗಬೇಕು, ಅದನ್ನು ಯಾರು ನಿಂತು ಹಂಚಬೇಕು ಅಂತ ಬರೆದು ಸಹಿ ಹಾಕಿದ ಪತ್ರ. ಉಯಿಲು, ಮರಣಶಾಸನ ಅಂದರೂ ಇದೇ. ಬರೆದವರು ಬದುಕಿರುವ ತನಕ ಅದಕ್ಕೆ ಬಲ ಇಲ್ಲ. ಮನೆಯನ್ನು ಮಗಳಿಗೆ ಅಂತ ಬರೆದಿಟ್ಟವರು ನಾಳೆ ಅದೇ ಮನೆಯನ್ನು ಮಾರಬಹುದು. ವಿಲ್ಲನ್ನೇ ಹರಿದು ಹೊಸದು ಬರೆಯಬಹುದು. ದಾನಪತ್ರ ಹಾಗಲ್ಲ. ಅದನ್ನು ಮಾಡಿಕೊಟ್ಟರೆ ಆಸ್ತಿ ಆಗಲೇ ಕೈಬಿಟ್ಟು ಹೋಯಿತು. "ಎರಡೂ ಒಂದೇ ತಾನೆ" ಅಂದುಕೊಂಡು ದಾನಪತ್ರಕ್ಕೆ ಸಹಿ ಹಾಕಿ, ಇಳಿವಯಸ್ಸಿನಲ್ಲಿ ತಮ್ಮದೇ ಮನೆಯಲ್ಲಿ ಇರುವುದಕ್ಕೆ ಇನ್ನೊಬ್ಬರ ಮರ್ಜಿ ಕಾಯುವ ಹಿರಿಯರನ್ನು ನೋಡಿದರೆ ಸಂಕಟವಾಗುತ್ತದೆ.

ಲಿವಿಂಗ್ ವಿಲ್ ಅನ್ನುವುದು ಬೇರೆಯೇ. ಅದರಲ್ಲಿ ಆಸ್ತಿ ವಿಷಯ ಇರುವುದಿಲ್ಲ. ಮಾತಾಡಲಾಗದ ಸ್ಥಿತಿಗೆ ಹೋದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಡಾಕ್ಟರಿಗೆ ಹೇಳಿಡುವ ಪತ್ರ ಅದು.

ವಿಲ್ ಬರೆಯದೇ ಹೋದರೆ?

"ಎಲ್ಲ ಸರ್ಕಾರಕ್ಕೆ ಹೋಗುತ್ತದೆ" ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಪ್ರತಿ ದೇಶದ ಕಾನೂನಿನಲ್ಲೂ ವಾರಸುದಾರರ ಒಂದು ಪಟ್ಟಿ ಇರುತ್ತದೆ. ಅದರ ಪ್ರಕಾರ ಪಾಲಾಗುತ್ತದೆ. ಪಟ್ಟಿಯಲ್ಲಿರುವ ಯಾರೂ ಇಲ್ಲದಿದ್ದರೆ ಮಾತ್ರ ಸರ್ಕಾರಕ್ಕೆ.

ತೊಂದರೆ ಇರುವುದು ಆ ಪಟ್ಟಿಗೆ ನಿಮ್ಮ ಮನೆಯ ಪರಿಚಯ ಇಲ್ಲದಿರುವುದರಲ್ಲಿ. ಇಂಗ್ಲೆಂಡಿನಲ್ಲಿ ಮೂವತ್ತು ವರ್ಷ ಜೊತೆಗೆ ಬಾಳಿದರೂ ಮದುವೆಯಾಗದ ಸಂಗಾತಿಗೆ ಆ ಪಟ್ಟಿಯಲ್ಲಿ ಜಾಗ ಇಲ್ಲ. ದತ್ತು ತೆಗೆದುಕೊಳ್ಳದ ಮಲಮಕ್ಕಳಿಗೂ ಇಲ್ಲ. ಭಾರತದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. "ಗಂಡ ಹೋದ ಮೇಲೆ ಎಲ್ಲ ಹೆಂಡತಿಗೇ ಅಲ್ವಾ?" ಅಂತ ಕೇಳುವವರಿಗೆ ಈ ಉತ್ತರ ದೊಡ್ಡ ಆಘಾತ. ಇನ್ನು ಹತ್ತು ವರ್ಷ ಪಕ್ಕದಲ್ಲಿದ್ದು ಆರೈಕೆ ಮಾಡಿದವರು ರಕ್ತಸಂಬಂಧಿ ಅಲ್ಲದಿದ್ದರೆ ಯಾವ ಪಟ್ಟಿಯಲ್ಲೂ ಸಾಮಾನ್ಯವಾಗಿ ಸಿಗುವುದಿಲ್ಲ. ಅವರನ್ನು ನೆನೆಯಲು ವಿಲ್ ಒಂದೇ ದಾರಿ.

ಬಿಳಿ ಹಾಳೆಯಲ್ಲಿ ಕೈಯಲ್ಲಿ ಬರೆದರೆ ನಡೆಯುತ್ತಾ?

ಕೆಲವು ಕಡೆ ನಡೆಯುತ್ತದೆ. ಕೆಲವು ಕಡೆ ಕೈಬರಹವೇ ಆಗಬೇಕು! ಜರ್ಮನಿಯಲ್ಲಿ ನೋಟರಿ ಬಳಿ ಹೋಗದೆ ನೀವೇ ಬರೆಯುವುದಾದರೆ ಪೂರ್ತಿ ನಿಮ್ಮ ಕೈಬರಹದಲ್ಲೇ ಇರಬೇಕು, ಕೆಳಗೆ ಸಹಿ ಇರಬೇಕು. ಟೈಪ್ ಮಾಡಿ ಸಹಿ ಹಾಕಿದರೆ ನಿಲ್ಲುವುದಿಲ್ಲ. ಇಂಗ್ಲೆಂಡಿನ 1837ರ ಕಾಯ್ದೆ, ಭಾರತದ 1925ರ ಉತ್ತರಾಧಿಕಾರ ಕಾಯ್ದೆ ಎರಡರಲ್ಲೂ ಟೈಪ್ ಮಾಡಿದ್ದಾದರೂ ಸರಿ, ಬರೆದದ್ದಾದರೂ ಸರಿ, ಆದರೆ ಇಬ್ಬರು ಸಾಕ್ಷಿಗಳು ಬೇಕೇ ಬೇಕು.

ಕೆನಡಾದಲ್ಲಿ ನಡೆದ ಒಂದು ಘಟನೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. 1948ರ ಜೂನ್‌ನಲ್ಲಿ ಸಸ್ಕಾಚವಾನ್ ಪ್ರಾಂತ್ಯದ ಸೆಸಿಲ್ ಜಾರ್ಜ್ ಹ್ಯಾರಿಸ್ ಅನ್ನುವ ರೈತ ತನ್ನ ಟ್ರ್ಯಾಕ್ಟರ್ ಕೆಳಗೆ ಸಿಕ್ಕಿಹಾಕಿಕೊಂಡ. ಗಂಟೆಗಟ್ಟಲೆ ಯಾರೂ ಬರಲಿಲ್ಲ. ಜೇಬಿನಲ್ಲಿದ್ದ ಚಾಕುವಿನಿಂದ ಟ್ರ್ಯಾಕ್ಟರಿನ ಫೆಂಡರ್ (ಚಕ್ರದ ಮೇಲಿನ ತಗಡು) ಮೇಲೆ ಗೀಚಿದ: ನಾನು ಇಲ್ಲೇ ಸತ್ತರೆ ಎಲ್ಲ ಹೆಂಡತಿಗೆ ಅಂತ. ಕೆಳಗೆ ಹೆಸರು. ಆಮೇಲೆ ಅವನು ಆಸ್ಪತ್ರೆಯಲ್ಲಿ ತೀರಿಕೊಂಡ. ಕೋರ್ಟು ಆ ತಗಡಿನ ತುಂಡನ್ನೇ ವಿಲ್ ಅಂತ ಒಪ್ಪಿತು. ಅದು ಇವತ್ತಿಗೂ ಸಸ್ಕಾಚವಾನ್ ವಿಶ್ವವಿದ್ಯಾಲಯದಲ್ಲಿದೆ. ಆದರೆ ಒಂದು ನೆನಪಿಡಿ. ಅಲ್ಲಿನ ಕಾನೂನು ಸಾಕ್ಷಿ ಇಲ್ಲದ ಕೈಬರಹವನ್ನು ಒಪ್ಪುತ್ತಿತ್ತು, ಅದಕ್ಕೆ ನಿಂತಿತು. ಸಾಕ್ಷಿ ಕಡ್ಡಾಯವಾದ ಜಾಗದಲ್ಲಾಗಿದ್ದರೆ ಕಥೆಯೇ ಬೇರೆ.

ಸಹಿ ಹಾಕುವ ದಿನ ಏನೇನು ನೋಡಿಕೊಳ್ಳಬೇಕು?

ಚಿಕ್ಕಪ್ಪ ಸಹಿ ಹಾಕಿದ ದಿನ ನಾನು ಅಲ್ಲಿರಲಿಲ್ಲ. ಸಾಕ್ಷಿ ಹಾಕಿದ ಪಕ್ಕದ ಮನೆಯವರು ಆಮೇಲೆ ಹೇಳಿದರು. ಮೂವರೂ ಒಂದೇ ಮೇಜಿನ ಸುತ್ತ ಕೂತಿದ್ದರಂತೆ. ಚಿಕ್ಕಪ್ಪ ಮೊದಲ ಹಾಳೆ ಓದಿ, ಕೆಳಗೆ ಸಹಿ ಹಾಕಿ, ಪಕ್ಕಕ್ಕಿಟ್ಟು, ಎರಡನೇ ಹಾಳೆ ತೆಗೆದರಂತೆ. ಒಂದು ಕಡೆ ಅಕ್ಷರ ತಪ್ಪಿತ್ತು. ಹೊಡೆದುಹಾಕಿದರು, ಪಕ್ಕದಲ್ಲೇ ಸಹಿ ಹಾಕಿದರು, ಇಬ್ಬರು ಸಾಕ್ಷಿಗಳಿಂದಲೂ ಅಲ್ಲೇ ಸಹಿ ಹಾಕಿಸಿದರು. ಅಷ್ಟು ಹೊತ್ತು ಯಾರನ್ನೂ ಎದ್ದು ಹೋಗಲು ಬಿಡಲಿಲ್ಲವಂತೆ. ಕೋರ್ಟಿನಲ್ಲಿ ಆ ತಿದ್ದುಪಡಿ ಬಗ್ಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ.

ಸಾಕ್ಷಿಯಾಗಿ ಪಾಲು ಪಡೆಯುವವರನ್ನು ಕೂರಿಸಬೇಡಿ. ಅವರ ಗಂಡ ಅಥವಾ ಹೆಂಡತಿಯೂ ಬೇಡ. ಇಂಗ್ಲೆಂಡಿನಲ್ಲಿ ಹಾಗೆ ಮಾಡಿದರೆ ವಿಲ್ ಉಳಿಯುತ್ತದೆ, ಆದರೆ ಆ ಸಾಕ್ಷಿಗೆ ಬರೆದ ಪಾಲು ಬಿದ್ದುಹೋಗುತ್ತದೆ. ಎಲ್ಲಾದರೂ ಸರಿ, ಅದು ಸಂಶಯಕ್ಕೆ ದಾರಿ. ನಿಮಗಿಂತ ಚಿಕ್ಕವರು, ಹುಡುಕಿದರೆ ಸಿಗುವವರು ಸಾಕ್ಷಿಗಳಾದರೆ ಒಳ್ಳೆಯದು. ಬರೆದವರಿಗೆ ವಯಸ್ಸಾಗಿದ್ದರೆ ಅಥವಾ ಕಾಯಿಲೆ ಇದ್ದರೆ, ತಿಳುವಳಿಕೆಯಿಂದಲೇ ಸಹಿ ಹಾಕಿದ್ದಾರೆ ಅನ್ನುವ ಡಾಕ್ಟರ ಚೀಟಿ ಅದೇ ದಿನಾಂಕದ್ದು ಇದ್ದರೆ ಮುಂದೆ ದೊಡ್ಡ ಜಗಳ ತಪ್ಪುತ್ತದೆ.

ಇನ್ನೊಂದು ಸಣ್ಣ ವಿಷಯ. ಜೆರಾಕ್ಸ್ ಮಾಡಿಸುವುದಕ್ಕೆ ಅಂತ ಅಸಲು ವಿಲ್‌ನ ಸ್ಟೇಪ್ಲರ್ ಪಿನ್ ಕೀಳಬೇಡಿ. ಖಾಲಿ ತೂತು ಕಂಡರೆ "ಇಲ್ಲಿ ಇನ್ನೊಂದು ಹಾಳೆ ಇತ್ತಾ?" ಅಂತ ಪ್ರಶ್ನೆ ಏಳುತ್ತದೆ.

ಬರೆಯುವಾಗ ಜಾಸ್ತಿ ಎಡವುವುದು ಎಲ್ಲಿ?

ಮನೆಯ ಮಾತಿನಲ್ಲಿ. 1906ರಲ್ಲಿ ಇಂಗ್ಲೆಂಡಿನ ಕೋರ್ಟಿಗೆ ಒಂದು ವಿಲ್ ಬಂತು. ಅದರಲ್ಲಿ ಇದ್ದದ್ದು ಇಷ್ಟೇ: ಎಲ್ಲ ಅಮ್ಮನಿಗೆ. ಆದರೆ ಬರೆದವರು ಮಕ್ಕಳ ಮುಂದೆ ಹೆಂಡತಿಯನ್ನೂ "ಅಮ್ಮ" ಅಂತಲೇ ಕರೆಯುತ್ತಿದ್ದರು. ಯಾವ ಅಮ್ಮ ಅಂತ ತೀರ್ಮಾನಿಸಲು ಕೋರ್ಟೇ ಕೂರಬೇಕಾಯಿತು. ಕೊನೆಗೆ ಹೆಂಡತಿ ಅಂತ ಆಯಿತು. ನಮ್ಮ ಮನೆಗಳಲ್ಲಿ ದೊಡ್ಡಪ್ಪ, ಪುಟ್ಟಿ, ಚಿನ್ನು ಅಂತ ಎಷ್ಟು ಜನರಿಲ್ಲ? ಪೂರ್ತಿ ಹೆಸರು, ತಂದೆಯ ಅಥವಾ ಗಂಡ-ಹೆಂಡತಿಯ ಹೆಸರು, ವಿಳಾಸ ಬರೆಯಿರಿ.

ಇನ್ನು ಮಾರಿದ ವಸ್ತು. "ನನ್ನ ಕಾರು ತಮ್ಮನಿಗೆ" ಅಂತ ಬರೆದು, ಆಮೇಲೆ ಕಾರು ಮಾರಿದರೆ ತಮ್ಮನಿಗೆ ಸಾಮಾನ್ಯವಾಗಿ ಆ ದುಡ್ಡೂ ಸಿಗುವುದಿಲ್ಲ. ಪಾಲು ಪಡೆಯಬೇಕಾದವರು ನಿಮಗಿಂತ ಮೊದಲೇ ತೀರಿಕೊಂಡರೆ ಯಾರಿಗೆ ಅಂತಲೂ ಬರೆಯಬೇಕು. ಕೊನೆಗೆ "ಇಲ್ಲಿ ಹೇಳದೆ ಉಳಿದ ಎಲ್ಲ ಆಸ್ತಿ ಇಂಥವರಿಗೆ" ಅನ್ನುವ ಒಂದು ಸಾಲು. ಈ ಸಾಲು ಬಿಟ್ಟುಹೋದರೆ, ವಿಲ್ ಬರೆದ ಮೇಲೆ ತೆರೆದ ಬ್ಯಾಂಕ್ ಖಾತೆಗೆ ವಿಲ್ ಇಲ್ಲದ ಹಾಗೆ ಆಗುತ್ತದೆ.

ನನ್ನ ಆಸ್ತಿ, ನಾನು ಯಾರಿಗೆ ಬೇಕಾದರೂ ಬರೆಯಬಹುದಲ್ಲವಾ?

ಮೊದಲು ಅದು ನಿಮ್ಮದೇ ಆಗಿರಬೇಕು. ಜಂಟಿ ಆಸ್ತಿಯಾದರೆ ನಿಮ್ಮ ಪಾಲಿನ ಬಗ್ಗೆ ಮಾತ್ರ ಮಾತು. ಕೆಲವು ರೀತಿಯ ಜಂಟಿ ಒಡೆತನದಲ್ಲಿ ನಿಮ್ಮ ಪಾಲು ನೇರವಾಗಿ ಬದುಕಿರುವ ಇನ್ನೊಬ್ಬರಿಗೆ ಹೋಗುತ್ತದೆ, ವಿಲ್ ಏನೇ ಹೇಳಲಿ.

ನಿಮ್ಮದೇ ಆದರೂ ಎಲ್ಲ ಕಡೆ ಪೂರ್ತಿ ಸ್ವಾತಂತ್ರ್ಯ ಇಲ್ಲ. ಫ್ರಾನ್ಸಿನಲ್ಲಿ ಮಕ್ಕಳಿಗೆ ಕಾನೂನೇ ಪಾಲು ಕಾದಿರಿಸಿದೆ. ಒಂದು ಮಗು ಇದ್ದರೆ ಅರ್ಧ, ಎರಡಿದ್ದರೆ ಮೂರರಲ್ಲಿ ಎರಡು, ಮೂರು ಅಥವಾ ಹೆಚ್ಚಿದ್ದರೆ ನಾಲ್ಕರಲ್ಲಿ ಮೂರು ಭಾಗ. ಉಳಿದದ್ದನ್ನಷ್ಟೇ ಇಷ್ಟಬಂದವರಿಗೆ ಬರೆಯಬಹುದು. ಇಸ್ಲಾಮಿಕ್ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಿಲ್ ಮಾಡುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಸ್ವಾತಂತ್ರ್ಯ ಜಾಸ್ತಿ. ಆದರೂ ಅವಲಂಬಿಸಿದ್ದವರನ್ನು ಕೈಬಿಟ್ಟರೆ 1975ರ ಕಾಯ್ದೆ ಪ್ರಕಾರ ಅವರು ಕೋರ್ಟಿಗೆ ಹೋಗಬಹುದು.

ನಾಮಿನಿ ಹೆಸರು ಹಾಕಿದ್ದೇವೆ. ಮತ್ತೆ ವಿಲ್ ಯಾಕೆ?

ಇದು ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ. ಎಲ್ಲಕ್ಕಿಂತ ಹೆಚ್ಚು ಮನೆ ಒಡೆಯುವುದೂ ಇದೇ ತಪ್ಪು ತಿಳುವಳಿಕೆ.

ಭಾರತದಲ್ಲಿ ನಾಮಿನಿ ಅಂದರೆ ಸಾಮಾನ್ಯವಾಗಿ ದುಡ್ಡನ್ನು ಪಡೆದುಕೊಳ್ಳುವ ಕೈ ಮಾತ್ರ. ಬ್ಯಾಂಕು ಅವರ ಕೈಗೆ ಕೊಟ್ಟು ತನ್ನ ಜವಾಬ್ದಾರಿ ಮುಗಿಸುತ್ತದೆ. ಆ ದುಡ್ಡು ಯಾರದ್ದು ಅನ್ನುವುದನ್ನು ವಿಲ್ ಅಥವಾ ಉತ್ತರಾಧಿಕಾರ ಕಾನೂನು ಹೇಳುತ್ತದೆ. ಕಂಪನಿ ಷೇರುಗಳ ವಿಷಯದಲ್ಲೂ ಹೀಗೇ ಅಂತ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿ ಆದ ಮೇಲೆ ತಂದೆ-ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಲೆಕ್ಕ ಬೇರೆ. ಆ ದುಡ್ಡು ಅವರದ್ದೇ ಆಗುತ್ತದೆ.

ಅಮೆರಿಕದಲ್ಲಿ ಪೂರ್ತಿ ಉಲ್ಟಾ. ಅಲ್ಲಿ ವಿಮೆ, ನಿವೃತ್ತಿ ಖಾತೆಯ ಫಾರಂನಲ್ಲಿ ಯಾರ ಹೆಸರಿದೆಯೋ ದುಡ್ಡು ಸಾಮಾನ್ಯವಾಗಿ ಅವರದ್ದು. ಅದರ ಮುಂದೆ ವಿಲ್ ಕೂಡ ಸೋಲುತ್ತದೆ. ಒಬ್ಬರು ವಿಚ್ಛೇದನ ಪಡೆದು, ಆಫೀಸಿನ ಫಾರಂನಲ್ಲಿ ಹಳೆಯ ಹೆಂಡತಿಯ ಹೆಸರು ಬದಲಿಸದೆ, ಸ್ವಲ್ಪ ದಿನಕ್ಕೇ ಅಪಘಾತದಲ್ಲಿ ತೀರಿಕೊಂಡರು. 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪು ಮಾಜಿ ಹೆಂಡತಿಯ ಪರವಾಗಿ ಬಂತು. ಅದಕ್ಕೂ ಹಿಂದಿನ ಮದುವೆಯ ಮಕ್ಕಳಿಗೆ ದುಡ್ಡು ಬರಲಿಲ್ಲ.

ಎಲ್ಲೇ ಇರಿ, ಫಾರಂನಲ್ಲಿರುವ ಹೆಸರು ಮತ್ತು ವಿಲ್‌ನಲ್ಲಿರುವ ಹೆಸರು ಹೊಂದುವ ಹಾಗೆ ನೋಡಿಕೊಳ್ಳಿ. ಅರ್ಧ ದಿನದ ಕೆಲಸ ಅಷ್ಟೇ.

ಟ್ರಸ್ಟ್ ಶ್ರೀಮಂತರಿಗೆ ಮಾತ್ರ ಅಲ್ವಾ?

ಅಲ್ಲ. ಟ್ರಸ್ಟ್‌ನಲ್ಲಿ ಮೂರು ಪಾತ್ರ. ಆಸ್ತಿ ಕೊಡುವವರು, ಅದನ್ನು ನೋಡಿಕೊಳ್ಳುವ ಟ್ರಸ್ಟಿ, ಅದರಿಂದ ಪ್ರಯೋಜನ ಪಡೆಯುವ ಫಲಾನುಭವಿ. ಕಾಗದದ ಮೇಲೆ ಒಡೆತನ ಟ್ರಸ್ಟಿಯದ್ದು, ಆದರೆ ಒಂದು ಪೈಸೆಯನ್ನೂ ತನಗಾಗಿ ಬಳಸುವ ಹಾಗಿಲ್ಲ. ಒಂದೇ ಆಸ್ತಿಯನ್ನು ಹೀಗೆ ಎರಡಾಗಿ ನೋಡುವ ಪದ್ಧತಿ ಇಂಗ್ಲೆಂಡಿನಲ್ಲಿ ಬೆಳೆದದ್ದು. ಭಾರತಕ್ಕೆ 1882ರಲ್ಲೇ ಟ್ರಸ್ಟ್ ಕಾಯ್ದೆ ಬಂತು. ಫ್ರಾನ್ಸ್ ಇದನ್ನು ಹೋಲುವ ಒಂದು ವ್ಯವಸ್ಥೆ ತಂದದ್ದು 2007ರಲ್ಲಿ.

ಯಾರಿಗೆ ಬೇಕು? ಬುದ್ಧಿಮಾಂದ್ಯ ಮಗ ಅಥವಾ ಮಗಳಿರುವ ತಂದೆ-ತಾಯಿಯನ್ನು ನೆನೆಯಿರಿ. "ನಾವು ಹೋದ ಮೇಲೆ ಇವಳ ಗತಿ ಏನು" ಅನ್ನುವ ಯೋಚನೆ ಅವರಿಗೆ ರಾತ್ರಿ ನಿದ್ದೆ ಕೊಡುವುದಿಲ್ಲ. ವಿಲ್‌ನಲ್ಲಿ ದುಡ್ಡು ಬರೆದರೆ ಒಂದೇ ದಿನ ಎಲ್ಲ ಅವಳ ಹೆಸರಿಗೆ ಬರುತ್ತದೆ, ನಿಭಾಯಿಸಲು ಅವಳಿಗೆ ಆಗುವುದಿಲ್ಲ. ಟ್ರಸ್ಟ್ ಆದರೆ ತಿಂಗಳು ತಿಂಗಳು ಇಷ್ಟು, ಔಷಧಿಗೆ ಇಷ್ಟು, ನೋಡಿಕೊಳ್ಳುವವರ ಸಂಬಳಕ್ಕೆ ಇಷ್ಟು ಅಂತ ಬರೆದಿಡಬಹುದು. ಒಬ್ಬ ಟ್ರಸ್ಟಿ ಹೋದರೆ ಇನ್ನೊಬ್ಬರು ಯಾರು ಅಂತಲೂ ಹೇಳಿಡಬಹುದು. ಚಿಕ್ಕ ಮಕ್ಕಳಿರುವವರಿಗೂ ಇದು ಉಪಯೋಗ. ವಿಲ್‌ನ ಒಳಗೇ ಟ್ರಸ್ಟ್ ಬರೆಯಬಹುದು. ಅದು ಸತ್ತ ಮೇಲೆ ಶುರುವಾಗುತ್ತದೆ.

ಬದುಕಿರುವಾಗಲೇ ಮಾಡುವ, ಬೇಕಾದಾಗ ಹಿಂಪಡೆಯಬಹುದಾದ ಟ್ರಸ್ಟ್ ಅಮೆರಿಕದಲ್ಲಿ ಜಾಸ್ತಿ. ಟ್ರಸ್ಟ್‌ಗೆ ಸೇರಿದ ಆಸ್ತಿ ಪ್ರೊಬೇಟ್ (ವಿಲ್‌ಗೆ ಕೋರ್ಟಿನ ಮುದ್ರೆ) ಇಲ್ಲದೆ ಸಾಗುತ್ತದೆ ಅನ್ನುವುದು ಅದರ ಲಾಭ. ಆದರೆ ಟ್ರಸ್ಟ್ ಪತ್ರ ಮಾಡಿಸಿ, ಮನೆಯನ್ನಾಗಲೀ ಖಾತೆಯನ್ನಾಗಲೀ ಅದರ ಹೆಸರಿಗೆ ಬದಲಿಸದೆ ಬಿಟ್ಟರೆ ಅದು ಖಾಲಿ ಡಬ್ಬ. ಇನ್ನೊಂದು ಭ್ರಮೆಯೂ ಇದೆ. ಹಿಂಪಡೆಯಬಹುದಾದ ಟ್ರಸ್ಟ್ ನಿಮಗೆ ಸಾಲ ಕೊಟ್ಟವರಿಂದ ನಿಮ್ಮನ್ನು ಕಾಪಾಡುವುದಿಲ್ಲ.

ಎಕ್ಸಿಕ್ಯೂಟರ್ ಆಗಲು ಒಪ್ಪಿಕೊಳ್ಳಬೇಕಾ?

ಕಡ್ಡಾಯ ಇಲ್ಲ. ಕೆಲಸಕ್ಕೆ ಕೈ ಹಾಕುವ ಮುಂಚೆ ಬೇಡ ಅನ್ನಬಹುದು. ಶುರು ಮಾಡಿದ ಮೇಲೆ ಬಿಡುವುದು ಕಷ್ಟ. ಆಸ್ತಿ ಪಟ್ಟಿ ಮಾಡಬೇಕು, ಸಾಲ ತೀರಿಸಬೇಕು, ತೆರಿಗೆ ಕಟ್ಟಬೇಕು, ಆಮೇಲೆ ಹಂಚಬೇಕು. ಪ್ರತಿ ರಸೀದಿಯ ಲೆಕ್ಕ ಇಡಬೇಕು. ಸಾಲ ಕೊಟ್ಟವರಿಗೆ ಕೊಡದೆ ಮೊದಲೇ ಹಂಚಿಬಿಟ್ಟರೆ ಸ್ವಂತ ಕೈಯಿಂದ ತುಂಬಬೇಕಾಗಬಹುದು. "ಬೇಗ ಕೊಡಪ್ಪಾ" ಅಂತ ಮನೆಯವರು ಎಷ್ಟೇ ಒತ್ತಾಯ ಮಾಡಿದರೂ ಈ ಒಂದು ವಿಷಯದಲ್ಲಿ ನಾನು ಬಗ್ಗಲಿಲ್ಲ. ಇಂಗ್ಲಿಷ್ ಕಾನೂನಿನ ಸಂಪ್ರದಾಯದಲ್ಲಿ ಈ ಕೆಲಸಕ್ಕೆ ಒಂದು ವರ್ಷ ಅಂತ ಲೆಕ್ಕ ಇದೆ. ಅದಕ್ಕಿಂತ ಬೇಗ ಮುಗಿಯಲಿಲ್ಲ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಮನೆಯಲ್ಲಿ ಒಬ್ಬರು ಈಗಷ್ಟೇ ತೀರಿಕೊಂಡಿದ್ದಾರೆ. ಮೊದಲು ಏನು ಮಾಡಲಿ?

ಮೊದಲ ವಾರ ಏನೂ ಹಂಚಬೇಡಿ, ಏನೂ ಎಸೆಯಬೇಡಿ, ಯಾವುದಕ್ಕೂ ಸಹಿ ಹಾಕಬೇಡಿ. ಅಳುವುದಿದ್ದರೆ ಅಳಿ. ಕಾಗದ ಪತ್ರ ನಾಲ್ಕು ದಿನ ಕಾಯುತ್ತವೆ.

ಆಮೇಲೆ ಮರಣ ಪ್ರಮಾಣಪತ್ರ. ಒಂದು ಸಾಲುವುದಿಲ್ಲ, ಹತ್ತು ದೃಢೀಕೃತ ಪ್ರತಿಗಳನ್ನಾದರೂ ಒಟ್ಟಿಗೆ ತೆಗೆದುಕೊಳ್ಳಿ. ಅಸಲು ವಿಲ್ ಹುಡುಕಿ. ಖಾಲಿ ಮನೆಯಾದರೆ ಬೀಗ ಬದಲಿಸಿ, ಮನೆಯ ವಿಮೆ ನಡೆಯುತ್ತಿದೆಯಾ ನೋಡಿ. ಬ್ಯಾಂಕಿಗೆ ತಿಳಿಸಿ. ಅವರ ಎಟಿಎಂ ಕಾರ್ಡ್ ನಿಮ್ಮ ಬಳಿ ಇದ್ದು ಪಿನ್ ಗೊತ್ತಿದ್ದರೂ ದುಡ್ಡು ತೆಗೆಯಬೇಡಿ. ಪವರ್ ಆಫ್ ಅಟಾರ್ನಿ ಇದೆಯಲ್ಲ ಅಂತೀರಾ? ಅದು ಕೊಟ್ಟವರು ಸತ್ತ ಕ್ಷಣಕ್ಕೆ ಮುಗಿಯಿತು. ಒಳ್ಳೆಯ ಮನಸ್ಸಿನಿಂದಲೇ ಆಸ್ಪತ್ರೆ ಬಿಲ್ಲಿಗೆ ಅಂತ ತೆಗೆದ ದುಡ್ಡು, ಆರು ತಿಂಗಳಾದ ಮೇಲೆ ಅಣ್ಣ-ತಮ್ಮಂದಿರ ಮಧ್ಯೆ ಕಳ್ಳತನದ ಆರೋಪವಾಗಿ ನಿಂತದ್ದನ್ನು ನೋಡಿದ್ದೇನೆ.

ಪ್ರೊಬೇಟ್ ಅಂದರೇನು?

ಇದೇ ಕೊನೆಯ ವಿಲ್, ಇದು ಸರಿಯಾಗಿದೆ, ಇವರೇ ಎಕ್ಸಿಕ್ಯೂಟರ್ ಅಂತ ಕೋರ್ಟು ಮುದ್ರೆ ಒತ್ತಿ ಕೊಡುವುದು. ಸಾಬೀತು ಮಾಡು ಅನ್ನುವ ಲ್ಯಾಟಿನ್ ಪದದಿಂದ ಬಂದ ಹೆಸರು. ಎಲ್ಲ ಕಡೆ, ಎಲ್ಲ ಆಸ್ತಿಗೂ ಬೇಕಾಗುವುದಿಲ್ಲ. ಯಾವ ಬ್ಯಾಂಕಿಗೆ, ಯಾವ ಕಚೇರಿಗೆ ಏನು ಬೇಕು ಅಂತ ಮೊದಲು ಲಿಖಿತವಾಗಿ ಕೇಳಿ.

ಅವರ ಸಾಲ ನಮ್ಮ ತಲೆಗೆ ಬರುತ್ತಾ?

ಇಂಗ್ಲಿಷ್ ಕಾನೂನಿನ ಹಾದಿಯಲ್ಲಿರುವ ದೇಶಗಳಲ್ಲಿ ಸಾಲ ಆಸ್ತಿಯಿಂದ ತೀರಬೇಕು. ಆಸ್ತಿ ಸಾಲದಿದ್ದರೆ ಸಾಲ ಕೊಟ್ಟವರಿಗೇ ನಷ್ಟ. ನೀವು ಜಾಮೀನು ಹಾಕಿದ್ದರೆ ಅಥವಾ ಜಂಟಿ ಸಾಲವಾಗಿದ್ದರೆ ಮಾತ್ರ ನಿಮಗೆ ಹೊಣೆ. ವಸೂಲಿಯವರು ಫೋನ್ ಮಾಡಿ "ಮಗನಾಗಿ ನಿನ್ನ ಕರ್ತವ್ಯ ಅಲ್ವಾ" ಅಂತ ಅಂದರೆ ಹೆದರಬೇಡಿ, ಕಾಗದದಲ್ಲಿ ಕೇಳಿ.

ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿ ಆಸ್ತಿಯ ಜೊತೆ ಸಾಲವೂ ವಾರಸುದಾರರಿಗೆ ಬರುತ್ತದೆ. ಬೇಡ ಅನ್ನುವುದಾದರೆ ವಿಷಯ ತಿಳಿದ ಆರು ವಾರದೊಳಗೆ ಹೇಳಬೇಕು. ಜಪಾನಿನಲ್ಲಿ ಈ ಗಡುವು ಮೂರು ತಿಂಗಳು.

ಪಿತ್ರಾರ್ಜಿತಕ್ಕೆ ತೆರಿಗೆ?

ದೇಶ ನೋಡಿ. ಭಾರತ ಎಸ್ಟೇಟ್ ಡ್ಯೂಟಿಯನ್ನು (ಸತ್ತವರ ಆಸ್ತಿಯ ಮೇಲಿನ ತೆರಿಗೆ) 1985ರಲ್ಲೇ ತೆಗೆದುಹಾಕಿತು. ಬ್ರಿಟನ್ನಿನಲ್ಲಿ ಒಂದು ಮಿತಿ ದಾಟಿದ ಭಾಗಕ್ಕೆ ಸಾಮಾನ್ಯವಾಗಿ ಶೇ 40 ಇದೆ. ಆಸ್ತಿ ಬಂದದ್ದಕ್ಕೆ ತೆರಿಗೆ ಇಲ್ಲದಿದ್ದರೂ ಆಮೇಲೆ ಅದನ್ನು ಮಾರಿದರೆ, ಬಾಡಿಗೆ ಬಂದರೆ ತೆರಿಗೆ ಇರಬಹುದು.

ಎರಡು ದೇಶದಲ್ಲಿ ಆಸ್ತಿ ಇದ್ದರೆ?

ಮನೆ, ಜಮೀನಿಗೆ ಸಾಮಾನ್ಯವಾಗಿ ಅದು ಇರುವ ದೇಶದ ಕಾನೂನು. ಯುರೋಪಿಯನ್ ಒಕ್ಕೂಟದ ಬಹುತೇಕ ದೇಶಗಳಲ್ಲಿ 2015ರ ಆಗಸ್ಟ್ 17ರಿಂದ ನಿಯಮ ಬೇರೆ. ತೀರಿಕೊಂಡವರು ವಾಸವಿದ್ದ ದೇಶದ ಕಾನೂನು ಎಲ್ಲ ಆಸ್ತಿಗೂ ಅನ್ವಯ. ನನ್ನ ಪೌರತ್ವದ ದೇಶದ ಕಾನೂನು ಬೇಕು ಅಂತ ವಿಲ್‌ನಲ್ಲಿ ಬರೆಯಲೂಬಹುದು. ಎರಡು ದೇಶಕ್ಕೆ ಎರಡು ವಿಲ್ ಬರೆಯುವವರು ಎಚ್ಚರ. ಎರಡನೆಯದರಲ್ಲಿ "ಹಿಂದಿನ ಎಲ್ಲ ವಿಲ್ ರದ್ದು" ಅನ್ನುವ ಮಾಮೂಲಿ ಸಾಲು ಇದ್ದರೆ ಮೊದಲನೆಯದೂ ಹೋಯಿತು.

ಫೋನು, ಇಮೇಲು, ಪಾಸ್‌ವರ್ಡು?

ಪಾಸ್‌ವರ್ಡ್‌ಗಳನ್ನು ವಿಲ್‌ನಲ್ಲಿ ಬರೆಯಬೇಡಿ. ಅನೇಕ ಕಡೆ ಪ್ರೊಬೇಟ್ ಆದ ವಿಲ್ಲನ್ನು ಯಾರು ಬೇಕಾದರೂ ತೆಗೆದು ಓದಬಹುದು. ಗೂಗಲ್‌ನಲ್ಲಿ 2013ರಿಂದ, ಫೇಸ್‌ಬುಕ್‌ನಲ್ಲಿ 2015ರಿಂದ, ಆಪಲ್‌ನಲ್ಲಿ 2021ರಿಂದ, ನಿಮ್ಮ ನಂತರ ಯಾರು ನೋಡಬಹುದು ಅಂತ ಮೊದಲೇ ಹೆಸರಿಸುವ ವ್ಯವಸ್ಥೆ ಇದೆ. ಇವತ್ತೇ ಮಾಡಿ. ಫೋನಿನ ಲಾಕ್ ತೆಗೆಯಲಾಗದೆ ಹತ್ತು ವರ್ಷದ ಫೋಟೊ ಕಳೆದುಕೊಂಡವರಿದ್ದಾರೆ.

ವಿಲ್ ಎಲ್ಲಿ ಇಡಬೇಕು? ಯಾವಾಗ ಬದಲಿಸಬೇಕು?

ಮದುವೆ, ವಿಚ್ಛೇದನ, ಮಗು, ಸಾವು, ಮನೆ ಕೊಂಡದ್ದು ಅಥವಾ ಮಾರಿದ್ದು, ಇವುಗಳಲ್ಲಿ ಯಾವುದಾದರೂ ಆದರೆ ತೆಗೆದು ಓದಿ. ಇಂಗ್ಲೆಂಡಿನಲ್ಲಿ ಮದುವೆಯಾದರೆ ಹಳೆಯ ವಿಲ್ ಸಾಮಾನ್ಯವಾಗಿ ತಾನಾಗಿಯೇ ರದ್ದಾಗುತ್ತದೆ.

ಎಲ್ಲಿ ಇಟ್ಟರೂ ಎಕ್ಸಿಕ್ಯೂಟರಿಗೆ ಗೊತ್ತಿರಬೇಕು. ನಿಮ್ಮೊಬ್ಬರ ಹೆಸರಿನ ಲಾಕರ್ ಒಳಗೆ ಇಟ್ಟರೆ, ಲಾಕರ್ ತೆಗೆಯಲು ವಿಲ್ ಬೇಕು, ವಿಲ್ ತೆಗೆಯಲು ಲಾಕರ್ ತೆಗೆಯಬೇಕು ಅನ್ನುವ ಹಾಗಾಗುತ್ತದೆ. ನಮ್ಮ ಚಿಕ್ಕಪ್ಪ ವಿಲ್ ಜೊತೆ ಒಂದು ನೋಟ್‌ಬುಕ್ ಹಾಳೆ ಇಟ್ಟಿದ್ದರು. ಯಾವ ಬ್ಯಾಂಕು, ಯಾವ ಪಾಲಿಸಿ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಕೊಡಬೇಕು. "ಬೀರು ಕೀ ಹಳೆ ಕನ್ನಡಕದ ಡಬ್ಬದಲ್ಲಿದೆ." ನೀಲಿ ಶಾಯಿಯಲ್ಲಿ ಒಂದು ಪುಟ. ಅದಕ್ಕೆ ಕಾನೂನಿನ ಬಲ ಒಂದಿಷ್ಟೂ ಇಲ್ಲ. ಆದರೆ ಅದು ನನ್ನ ಎಷ್ಟೋ ತಿಂಗಳು ಉಳಿಸಿತು. ವಿಲ್ ಬರೆಯಲು ಇನ್ನೂ ಮನಸ್ಸಾಗದವರು ಈ ಹಾಳೆಯನ್ನಾದರೂ ಬರೆದಿಡಿ.

ಒಡವೆ, ಫೋಟೊ, ಹಳೆಯ ಸಾಮಾನು ಹೇಗೆ ಹಂಚುವುದು?

ದುಡ್ಡಿಗೆ ಲೆಕ್ಕ ಇದೆ, ಭಾಗಿಸಬಹುದು. ಅಮ್ಮನ ಒಂದೇ ಉಂಗುರವನ್ನು ಹೇಗೆ ಭಾಗಿಸುವುದು? ಯಾವುದು ಯಾರಿಗೆ ಅಂತ ಬದುಕಿರುವಾಗಲೇ ಹೇಳಿಡುವುದು ಎಲ್ಲಕ್ಕಿಂತ ಒಳ್ಳೆಯದು. ಹೇಳದೆ ಹೋಗಿದ್ದರೆ, ಬೆಲೆಬಾಳುವುದನ್ನು ಮೊದಲು ತೂಗಿಸಿ ಲೆಕ್ಕಕ್ಕೆ ಸೇರಿಸಿ. ಉಳಿದದ್ದಕ್ಕೆ ಸರದಿ ಹಾಕಿ.

ನಾವು ಎಲ್ಲವನ್ನೂ ಮಂಚದ ಮೇಲೆ ಹರಡಿದೆವು. ಚೀಟಿ ಎತ್ತಿ ಸರದಿ ಗೊತ್ತು ಮಾಡಿದೆವು. ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳಬೇಕು. ಫೋಟೊಗಳನ್ನು ಸ್ಕ್ಯಾನ್ ಮಾಡಿಸಿ ಎಲ್ಲರಿಗೂ ಕಳಿಸಿದ್ದರಿಂದ ಅದಕ್ಕೆ ತಕರಾರಿರಲಿಲ್ಲ. ಗೋಡೆ ಗಡಿಯಾರ ಮಾತ್ರ ಇಬ್ಬರು ತಂಗಿಯರಿಗೂ ಬೇಕಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡವಳು ಕೇಳಿದಳು, "ವಾರಕ್ಕೊಮ್ಮೆ ಕೀ ಕೊಡ್ತಿದ್ದೋಳು ನೀನೇ ಅಲ್ವಾ?" ಅಂತ. ಚಿಕ್ಕವಳು ತಲೆಯಾಡಿಸಿದಳು. ಗಡಿಯಾರ ಅವಳ ಮನೆಗೆ ಹೋಯಿತು.